ಡಬ್ಬಿಯ ಮೇಲೆ ಬರೆದದ್ದು ಡಬ್ಬಿಯೊಳಗೆ ಇದೆಯಾ?

ಮಕ್ಕಳ ಹಾಲಿನ ಪುಡಿಯಲ್ಲಿ ವಿಟಮಿನ್ ಅಳೆಯುವುದು ಹೇಗೆ, ಅದು ನಮಗೇಕೆ ಗೊತ್ತಿರಬೇಕು?



ಪ್ರತಿ ವಾರದ ಸಭೆಯಲ್ಲಿ ನಾವು ಉಳಿತಾಯದ ಹಣ ಎಣಿಸುತ್ತೇವೆ. ಪುಸ್ತಕದಲ್ಲಿ ಬರೆದ ಮೊತ್ತ, ಪೆಟ್ಟಿಗೆಯಲ್ಲಿರುವ ನಗದು, ಬ್ಯಾಂಕಿನ ಪಾಸ್‌ಬುಕ್ಕು ಮೂರೂ ತಾಳೆಯಾಗಬೇಕು. "ಪುಸ್ತಕದಲ್ಲಿ ಬರೆದಿದೆಯಲ್ಲ, ಸಾಕು ಬಿಡಿ" ಅಂತ ಯಾರೂ ಎದ್ದು ಹೋಗುವುದಿಲ್ಲ. ಬರೆದದ್ದು ಬೇರೆ, ಇರುವುದು ಬೇರೆ ಆಗಬಹುದು ಅನ್ನೋದು ನಮಗೆ ಗೊತ್ತು. ಅದಕ್ಕೇ ಎಣಿಸುತ್ತೇವೆ.

ಮಗುವಿಗೆ ಕೊಡುವ ಹಾಲಿನ ಪುಡಿಯ ಡಬ್ಬಿಯ ಮೇಲೂ ಒಂದು ದೊಡ್ಡ ಲೆಕ್ಕವಿದೆ. ವಿಟಮಿನ್ ಎ ಇಷ್ಟು, ಬಿ1 ಇಷ್ಟು, ಸಿ ಇಷ್ಟು, ಡಿ ಇಷ್ಟು ಅಂತ ಸಣ್ಣ ಅಕ್ಷರದಲ್ಲಿ ಉದ್ದಕ್ಕೆ ಬರೆದಿರುತ್ತದೆ. ಆ ಲೆಕ್ಕವನ್ನು ಎಣಿಸಿ ನೋಡುವವರು ಯಾರು? ಹೇಗೆ ನೋಡುತ್ತಾರೆ? ನೋಡದೇ ಹೋದರೆ ಏನಾಗುತ್ತದೆ? ಈ ಸಲದ ಲೇಖನದಲ್ಲಿ ಇದನ್ನೇ ತಿಳಿದುಕೊಳ್ಳೋಣ.

ಮೊದಲೇ ಒಂದು ಮಾತು

ಮಗುವಿಗೆ ತಾಯಿಯ ಹಾಲೇ ಶ್ರೇಷ್ಠ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಶುರು ಮಾಡಬೇಕು. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಆಮೇಲೆ ಮೆತ್ತಗಿನ ಆಹಾರದ ಜೊತೆ ಎರಡು ವರ್ಷದವರೆಗೆ, ಅದಕ್ಕೂ ಮೇಲೆ ಎದೆಹಾಲು ಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ, ನಮ್ಮ ಅಂಗನವಾಡಿ ಟೀಚರು ಹೇಳುವುದೂ ಇದನ್ನೇ. ಈ ಲೇಖನ ಓದಿ ಯಾರೂ ಡಬ್ಬಿ ಹಾಲಿಗೆ ಕೈ ಹಾಕಬೇಕಾಗಿಲ್ಲ.

ಆದರೂ ಕೆಲವು ಮಕ್ಕಳಿಗೆ ಬೇರೆ ದಾರಿ ಇರುವುದಿಲ್ಲ. ಹೆರಿಗೆಯಲ್ಲೇ ತಾಯಿ ತೀರಿಕೊಂಡಿರಬಹುದು. ತಾಯಿಗೆ ಕಠಿಣ ಕಾಯಿಲೆ ಇದ್ದು, ತೆಗೆದುಕೊಳ್ಳುವ ಔಷಧಿಯಿಂದಾಗಿ ಡಾಕ್ಟರೇ ಹಾಲುಣಿಸಬೇಡಿ ಎಂದಿರಬಹುದು. ಅಂಥ ಮಗುವಿಗೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೇ ಆಹಾರ, ಅದು ಆ ಡಬ್ಬಿ. ನಮಗಾದರೆ ಮುದ್ದೆಯಲ್ಲಿ ಸಿಗದ ವಿಟಮಿನ್ ಸೊಪ್ಪಿನಲ್ಲಿ ಸಿಗುತ್ತದೆ, ಸೊಪ್ಪಿನಲ್ಲಿ ಸಿಗದ್ದು ಮೊಟ್ಟೆಯಲ್ಲಿ ಸಿಗುತ್ತದೆ. ಡಬ್ಬಿ ಹಾಲನ್ನೇ ನಂಬಿದ ಕೂಸಿಗೆ ಡಬ್ಬಿಯಲ್ಲಿ ಏನಿಲ್ಲವೋ ಅದು ಎಲ್ಲಿಯೂ ಸಿಗುವುದಿಲ್ಲ. ಹಾಗಾಗಿಯೇ ಈ ಲೆಕ್ಕ ಅಷ್ಟು ಮುಖ್ಯ.

2003ರಲ್ಲಿ ಇಸ್ರೇಲಿನಲ್ಲಿ ನಡೆದದ್ದು

2003ರಲ್ಲಿ ಇಸ್ರೇಲ್ ದೇಶದ ಬೇರೆ ಬೇರೆ ಆಸ್ಪತ್ರೆಗಳಿಗೆ ಎಳೆಯ ಮಕ್ಕಳು ಬರತೊಡಗಿದವು. ವಾಂತಿ, ಸದಾ ಮಂಪರು, ಕಿರಿಕಿರಿ, ಕಣ್ಣುಗುಡ್ಡೆ ಸರಿಯಾಗಿ ನಿಲ್ಲದೆ ಆಡುವುದು. ಕೆಲವಕ್ಕೆ ಫಿಟ್ಸ್, ಕೆಲವಕ್ಕೆ ಹೃದಯದ ತೊಂದರೆ. ಇವು ಎಷ್ಟೋ ಕಾಯಿಲೆಗಳಲ್ಲಿ ಕಾಣುವ ಲಕ್ಷಣಗಳೇ. ಆದರೆ ಮಗು ಏನು ಕುಡಿಯುತ್ತಿದೆ ಎಂದು ಡಾಕ್ಟರುಗಳು ವಿಚಾರಿಸಿದಾಗ ಒಂದೇ ಉತ್ತರ ಬಂತು. ಎಲ್ಲವೂ ರೆಮೀಡಿಯಾ ಎಂಬ ಕಂಪನಿಯ ಸೋಯಾ ಹಾಲಿನ ಪುಡಿ ಕುಡಿಯುತ್ತಿದ್ದ ಮಕ್ಕಳು. ಅದನ್ನು ರೆಮೀಡಿಯಾಗೆ ತಯಾರಿಸಿ ಕೊಡುತ್ತಿದ್ದದ್ದು ಜರ್ಮನಿಯ ಹ್ಯುಮಾನಾ ಕಂಪನಿ.

ನವೆಂಬರ್ ತಿಂಗಳಲ್ಲಿ ಪುಡಿಯನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿದಾಗ ಗುಟ್ಟು ಹೊರಬಿತ್ತು. ಡಬ್ಬಿಯ ಮೇಲೆ 100 ಗ್ರಾಂ ಪುಡಿಯಲ್ಲಿ 385 ಮೈಕ್ರೋಗ್ರಾಂ ವಿಟಮಿನ್ ಬಿ1 ಇದೆ ಎಂದು ಬರೆದಿತ್ತು. ಒಳಗೆ ಇದ್ದದ್ದು ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ, 29ರಿಂದ 37 ಮೈಕ್ರೋಗ್ರಾಂ ಅಷ್ಟೇ. ಪುಡಿಯ ಪಾಕ ಬದಲಿಸುವಾಗ ಆದ ತಪ್ಪಿನಿಂದ ಹೀಗಾಯಿತು. ಕಂಪನಿಯೇ ತಪ್ಪು ಒಪ್ಪಿಕೊಂಡಿತು.

ಬಿ1 ವಿಟಮಿನ್ನಿಗೆ ಥಯಾಮಿನ್ ಎಂದೂ ಹೆಸರು. ತಿಂದ ಅನ್ನವನ್ನು ಶಕ್ತಿಯಾಗಿ ಮಾಡಿಕೊಳ್ಳಲು ಮಿದುಳಿಗೂ ಹೃದಯಕ್ಕೂ ಇದು ಬೇಕೇ ಬೇಕು. ದೇಹ ಇದನ್ನು ಹೆಚ್ಚು ದಿನ ಕೂಡಿಡುವುದಿಲ್ಲ, ಎರಡು ಮೂರು ವಾರದಲ್ಲಿ ಖಾಲಿಯಾಗುತ್ತದೆ. ಕಾರಣ ಗೊತ್ತಾದ ಮೇಲೆ ಮಕ್ಕಳಿಗೆ ಥಯಾಮಿನ್ ಕೊಟ್ಟರು. ಕೆಲವು ಮಕ್ಕಳು ಚೇತರಿಸಿಕೊಂಡವು. ಕೆಲವು ಅಷ್ಟರಲ್ಲೇ ತೀರಿಕೊಂಡಿದ್ದವು. ಬದುಕಿದವುಗಳಲ್ಲಿ ಹಲವಕ್ಕೆ ಮಾತು ತಡವಾಯಿತು, ನಡಿಗೆ ಸರಿಯಾಗಲಿಲ್ಲ, ಕೆಲವಕ್ಕೆ ಮೂರ್ಛೆ ರೋಗ ಉಳಿದುಕೊಂಡಿತು. 2013ರಲ್ಲಿ ಅಲ್ಲಿನ ನ್ಯಾಯಾಲಯ ಕಂಪನಿಯ ಆಹಾರ ತಂತ್ರಜ್ಞರೊಬ್ಬರಿಗೆ ಜೈಲು ಶಿಕ್ಷೆ ವಿಧಿಸಿತು.

ಇಲ್ಲಿ ವಿಷ ಬೆರೆತಿರಲಿಲ್ಲ, ಪುಡಿ ಹುಳ ಹಿಡಿದಿರಲಿಲ್ಲ, ಡೇಟ್ ಮುಗಿದಿರಲಿಲ್ಲ. ಬಣ್ಣ, ವಾಸನೆ, ರುಚಿ ನೋಡಿ ಯಾವ ತಾಯಿಗೂ ಅನುಮಾನ ಬರುವ ಹಾಗಿರಲಿಲ್ಲ. ಲ್ಯಾಬಿನ ಅಳತೆಯೊಂದೇ ಹೇಳಬಹುದಾಗಿತ್ತು. ಆ ಅಳತೆ ಮಕ್ಕಳು ಕುಡಿಯುವ ಮೊದಲೇ ಆಗಬೇಕಿತ್ತು.

ಇದು ಮೊದಲ ಸಲವೂ ಅಲ್ಲ. 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಒಂದು ಬಗೆಯ ದ್ರವ ರೂಪದ ಮಕ್ಕಳ ಹಾಲು ಕುಡಿದ ಶಿಶುಗಳಿಗೆ ಫಿಟ್ಸ್ ಬರುತ್ತಿತ್ತು. ಹಾಲನ್ನು ಅತಿಯಾಗಿ ಕಾಯಿಸಿ ಡಬ್ಬಿಗೆ ತುಂಬುವಾಗ ಬಿ6 ವಿಟಮಿನ್ ನಾಶವಾಗಿತ್ತು. ಬಿ6 ಕೊಟ್ಟಾಗ ಫಿಟ್ಸ್ ನಿಂತಿತು. ಅದೇ ದೇಶದಲ್ಲಿ 1979ರಲ್ಲಿ ಮತ್ತೊಂದು ಸೋಯಾ ಹಾಲಿನಲ್ಲಿ ಕ್ಲೋರೈಡ್ ಎಂಬ ಲವಣಾಂಶ ಸಾಲದೆ ಮಕ್ಕಳು ಕಾಯಿಲೆ ಬಿದ್ದವು. ತಂದೆ ತಾಯಂದಿರು ಸುಮ್ಮನೆ ಕೂರಲಿಲ್ಲ, ಜನಪ್ರತಿನಿಧಿಗಳ ಬಾಗಿಲು ತಟ್ಟಿದರು. 1980ರಲ್ಲಿ ಅಲ್ಲಿ ಮಕ್ಕಳ ಹಾಲಿನ ಪುಡಿಗೆಂದೇ ಪ್ರತ್ಯೇಕ ಕಾನೂನು ಬಂತು. ಪೋಷಕಾಂಶ ಪರೀಕ್ಷೆ ಮಾಡುವುದು ತಯಾರಕರ ಕರ್ತವ್ಯ ಎಂದಾಯಿತು.

ಮೈಕ್ರೋಗ್ರಾಂ ಅಂದರೆ ಎಷ್ಟು?

ಒಂದು ಗ್ರಾಮಿನಲ್ಲಿ 1000 ಮಿಲಿಗ್ರಾಂ. ಒಂದು ಮಿಲಿಗ್ರಾಮಿನಲ್ಲಿ 1000 ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗ. ಪುಡಿ ಉಪ್ಪಿನ ಒಂದೇ ಒಂದು ಹರಳು ಸುಮಾರು 60 ಮೈಕ್ರೋಗ್ರಾಂ ತೂಗುತ್ತದೆ. 100 ಗ್ರಾಂ ಹಾಲಿನ ಪುಡಿಯಲ್ಲಿ ಇರಬೇಕಾಗಿದ್ದ 385 ಮೈಕ್ರೋಗ್ರಾಂ ಬಿ1 ಅಂದರೆ ಆರೇಳು ಹರಳು ಉಪ್ಪಿನಷ್ಟು! ಸಿಕ್ಕಿದ್ದು ಅರ್ಧ ಹರಳಿನಷ್ಟು. ಇಷ್ಟು ಚಿಕ್ಕ ವ್ಯತ್ಯಾಸದ ಮೇಲೆ ಒಂದು ಜೀವ ನಿಂತಿತ್ತು.

ಅಂತಾರಾಷ್ಟ್ರೀಯ ಆಹಾರ ಮಟ್ಟ ನಿಗದಿ ಮಾಡುವ ಕೋಡೆಕ್ಸ್ ಎಂಬ ಮಂಡಳಿಯ ಪ್ರಕಾರ, ಮಗುವಿಗೆ 100 ಕಿಲೋ ಕ್ಯಾಲೊರಿ ಶಕ್ತಿ ಕೊಡುವಷ್ಟು ಹಾಲಿನಲ್ಲಿ ಕನಿಷ್ಠ 60 ಮೈಕ್ರೋಗ್ರಾಂ ಬಿ1, ಕನಿಷ್ಠ 10 ಮಿಲಿಗ್ರಾಂ ವಿಟಮಿನ್ ಸಿ ಇರಬೇಕು. 100 ಕಿಲೋ ಕ್ಯಾಲೊರಿ ಅಂದರೆ ಸರಿಯಾಗಿ ಕಲಸಿದ ಸುಮಾರು 150 ಮಿ.ಲೀ. ಹಾಲು.

ವಿಟಮಿನ್ ಅಂದಮೇಲೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ತಿಳಿಯಬೇಡಿ. ವಿಟಮಿನ್ ಎ ಮತ್ತು ಡಿ ಕೊಬ್ಬಿನಲ್ಲಿ ಕರಗುವಂಥವು, ದೇಹದಲ್ಲಿ ಕೂಡಿಕೊಳ್ಳುತ್ತವೆ. ಅತಿಯಾದರೆ ವಿಷವೇ. ಹಾಗಾಗಿ ಇವಕ್ಕೆ ಕೆಳಗಿನ ಮಿತಿಯ ಜೊತೆ ಮೇಲಿನ ಮಿತಿಯೂ ಇದೆ. ಅಷ್ಟೇ ಹಾಲಿನಲ್ಲಿ ವಿಟಮಿನ್ ಎ 60ರಿಂದ 180 ಮೈಕ್ರೋಗ್ರಾಂ, ವಿಟಮಿನ್ ಡಿ 1ರಿಂದ 2.5 ಮೈಕ್ರೋಗ್ರಾಂ ನಡುವೆ ಇರಬೇಕು. ಕೆಲವು ಡಬ್ಬಿಗಳಲ್ಲಿ ವಿಟಮಿನ್ ಡಿ ಪಕ್ಕದಲ್ಲಿ 'ಐ.ಯು.' ಅಂತ ಇರುತ್ತದೆ. 40 ಐ.ಯು. ಎಂದರೆ ಒಂದು ಮೈಕ್ರೋಗ್ರಾಂ.

ಲ್ಯಾಬಿನಲ್ಲಿ ಹೇಗೆ ಅಳೆಯುತ್ತಾರೆ?

ಉಪ್ಪಿನ ಹರಳಿನಷ್ಟು ವಸ್ತುವನ್ನು ಹಾಲಿನ ಪುಡಿಯ ರಾಶಿಯಿಂದ ಹೆಕ್ಕಿ ತೂಗಲು ಆಗುವುದಿಲ್ಲ. ಅದಕ್ಕೆ ಬೇರೆ ಉಪಾಯಗಳಿವೆ. ಎಲ್ಲ ವಿಟಮಿನ್ನಿಗೂ ಒಂದೇ ಪರೀಕ್ಷೆ ಸಾಲದು. ಒಂದೊಂದಕ್ಕೆ ಒಂದೊಂದು ದಾರಿ. ಆದರೆ ಕೆಲಸದ ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ.

1. ಮಾದರಿ ತೆಗೆಯುವುದು. ಡಬ್ಬಿಯ ಮೇಲ್ಭಾಗದಿಂದ ಒಂದು ಚಮಚ ತೆಗೆದರೆ ಸಾಲದು. ಪುಡಿಯಲ್ಲಿ ವಿಟಮಿನ್ ಎಲ್ಲ ಕಡೆ ಒಂದೇ ಸಮ ಬೆರೆತಿರುತ್ತದೆ ಅಂತ ಹೇಳಲಾಗದು. ಸಾರಿನ ತಳದಲ್ಲಿ ಉಪ್ಪು ನಿಂತ ಹಾಗೆ. ಆದ್ದರಿಂದ ಇಡೀ ಮಾದರಿಯನ್ನು ಚೆನ್ನಾಗಿ ಬೆರೆಸಿ, ಆಮೇಲೆ ಬೇಕಾದಷ್ಟನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗುತ್ತಾರೆ. ಕೆಲವು ವಿಟಮಿನ್‌ಗಳು ಬೆಳಕಿಗೆ ಹಾಳಾಗುವುದರಿಂದ ಮಂದ ಬೆಳಕಿನಲ್ಲಿ, ಕಂದು ಬಣ್ಣದ ಗಾಜಿನ ಪಾತ್ರೆಯಲ್ಲಿ ಕೆಲಸ ಮಾಡುತ್ತಾರೆ.

2. ವಿಟಮಿನ್ ಬಿಡಿಸುವುದು. ಪುಡಿಯಲ್ಲಿ ಕೊಬ್ಬು, ಸಕ್ಕರೆ, ಪ್ರೋಟೀನ್ ಎಲ್ಲ ಸೇರಿದೆ. ವಿಟಮಿನ್ ಅದರೊಳಗೆ ಅಡಗಿದೆ. ವಿಟಮಿನ್ ಎ ಮತ್ತು ಡಿ ಬಿಡಿಸುವ ರೀತಿ ನಮ್ಮಲ್ಲಿ ಎಷ್ಟೋ ಸಂಘದವರಿಗೆ ಅರ್ಥವಾಗುತ್ತದೆ, ಯಾಕಂದ್ರೆ ಅದು ಸೋಪು ಮಾಡುವ ಕೆಲಸವೇ. ಸೋಪು ತರಬೇತಿಯಲ್ಲಿ ಎಣ್ಣೆಗೆ ಕಾಸ್ಟಿಕ್ ಹಾಕಿ ಕಲಸುತ್ತೀರಲ್ಲ, ಹಾಗೆಯೇ ಲ್ಯಾಬಿನಲ್ಲಿ ಪುಡಿಗೆ ಕ್ಷಾರ ಹಾಕಿ ಬಿಸಿ ಮಾಡುತ್ತಾರೆ. ಕೊಬ್ಬೆಲ್ಲ ಸೋಪಾಗುತ್ತದೆ. ಎ ಮತ್ತು ಡಿ ಸೋಪಾಗುವುದಿಲ್ಲ, ಬೇರೆಯಾಗಿ ಉಳಿಯುತ್ತವೆ. ಹೆಕ್ಸೇನ್ ಎಂಬ ದ್ರಾವಕ ಹಾಕಿ ಅವನ್ನು ಎಳೆದುಕೊಳ್ಳುತ್ತಾರೆ.

3. ಒಂದೊಂದನ್ನೇ ಬೇರೆ ಮಾಡುವುದು. ಇದಕ್ಕೆ ಎಚ್.ಪಿ.ಎಲ್.ಸಿ. ಎಂಬ ಯಂತ್ರವಿದೆ. ಅದರ ಮುಖ್ಯ ಭಾಗ ಗೇಣುದ್ದದ ಒಂದು ಸ್ಟೀಲ್ ಕೊಳವೆ. ಒಳಗೆ ಬಹಳ ನಯವಾದ ಪುಡಿ ಒತ್ತಿ ತುಂಬಿರುತ್ತಾರೆ. ಬಿಡಿಸಿದ ದ್ರವವನ್ನು ಅದರೊಳಗೆ ಒತ್ತಡದಿಂದ ಹಾಯಿಸುತ್ತಾರೆ. ಜಾತ್ರೆಯ ಬೀದಿಯಲ್ಲಿ ನಾಲ್ಕು ಮಂದಿ ಒಟ್ಟಿಗೆ ಹೊರಟರು ಅಂತ ಇಟ್ಟುಕೊಳ್ಳಿ. ಒಬ್ಬಳು ಪ್ರತಿ ಬಳೆ ಅಂಗಡಿಯ ಮುಂದೆಯೂ ನಿಲ್ಲುತ್ತಾಳೆ, ಇನ್ನೊಬ್ಬಳು ಎಲ್ಲಿಯೂ ನಿಲ್ಲದೆ ನೇರ ನಡೆಯುತ್ತಾಳೆ. ಬೀದಿಯ ಕೊನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಹೊತ್ತಿಗೆ ಬಂದು ಸೇರುತ್ತಾರೆ. ಕೊಳವೆಯಲ್ಲೂ ಹಾಗೆಯೇ. ಪ್ರತಿ ವಸ್ತು ಒಳಗಿನ ಪುಡಿಗೆ ಅಂಟಿಕೊಳ್ಳುವ ಪ್ರಮಾಣ ಬೇರೆ, ಹೊರಬರುವ ಸಮಯವೂ ಬೇರೆ.

4. ಎಣಿಸುವುದು. ಕೊಳವೆಯ ಕೊನೆಯಲ್ಲಿ ಬೆಳಕಿನ ಕಣ್ಣೊಂದು ಕಾಯುತ್ತಿರುತ್ತದೆ. ವಿಟಮಿನ್ ಹಾದು ಹೋದಾಗ ಕಾಗದದ ಮೇಲೆ ಗೆರೆ ಗುಡ್ಡದಂತೆ ಏರಿ ಇಳಿಯುತ್ತದೆ. ವಿಟಮಿನ್ ಹೆಚ್ಚಿದ್ದಷ್ಟೂ ಗುಡ್ಡ ದೊಡ್ಡದು. ಪ್ರಮಾಣ ಗೊತ್ತಿರುವ ಶುದ್ಧ ವಿಟಮಿನ್ನನ್ನೂ ಇದೇ ಯಂತ್ರದಲ್ಲಿ ಹಾಯಿಸಿ, ಎರಡು ಗುಡ್ಡಗಳನ್ನು ಹೋಲಿಸಿ ಲೆಕ್ಕ ಹಾಕುತ್ತಾರೆ.

ಬಿ1 ವಿಟಮಿನ್ನಿಗೆ ಒಂದು ಚಂದದ ಉಪಾಯವಿದೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ಆದರೆ ಕ್ಷಾರದಲ್ಲಿ ಒಂದು ರಾಸಾಯನಿಕ ಬೆರೆಸಿದಾಗ ಅದು ಥಯೋಕ್ರೋಮ್ ಎಂಬ ವಸ್ತುವಾಗಿ ಬದಲಾಗುತ್ತದೆ. ಅದರ ಮೇಲೆ ಅತಿ ನೇರಳೆ ಬೆಳಕು ಬಿಟ್ಟರೆ ನೀಲಿಯಾಗಿ ಹೊಳೆಯುತ್ತದೆ. ಹೊಳಪು ಎಷ್ಟು ಜೋರೋ ಬಿ1 ಅಷ್ಟು ಜಾಸ್ತಿ.

ವಿಟಮಿನ್ ಸಿ ಅಳೆಯುವ ಹಳೆಯ ವಿಧಾನದಲ್ಲಿ ಒಂದು ನೀಲಿ ಬಣ್ಣದ ದ್ರಾವಣ ಬಳಸುತ್ತಾರೆ. ವಿಟಮಿನ್ ಸಿ ಇರುವವರೆಗೂ ಆ ಬಣ್ಣವನ್ನು ಅಳಿಸುತ್ತಾ ಹೋಗುತ್ತದೆ. ಹನಿ ಹನಿಯಾಗಿ ಬಿಡುತ್ತಾ, ಯಾವ ಹನಿಗೆ ನಸುಗೆಂಪು ಬಣ್ಣ ಉಳಿಯಿತೋ ಅಲ್ಲಿಗೆ ವಿಟಮಿನ್ ಸಿ ಮುಗಿಯಿತು ಎಂದರ್ಥ. ಎಷ್ಟು ದ್ರಾವಣ ಖರ್ಚಾಯಿತು ಎಂಬುದರಿಂದ ಪ್ರಮಾಣ ತಿಳಿಯುತ್ತದೆ.

ಬಿ12 ಪರೀಕ್ಷೆ ಇನ್ನೂ ವಿಶೇಷ. ಹೆಪ್ಪು ಹಾಕಿದಾಗ ಹಾಲನ್ನು ಮೊಸರು ಮಾಡುವ ಜೀವಾಣುಗಳ ಬಳಗದ್ದೇ ಒಂದು ಜೀವಾಣುವಿದೆ, ಲ್ಯಾಕ್ಟೋಬ್ಯಾಸಿಲಸ್ ಅಂತ. ಬಿ12 ಇಲ್ಲದೆ ಅದು ಬೆಳೆಯಲಾರದು. ಅದಕ್ಕೆ ಬಿ12 ಒಂದನ್ನು ಬಿಟ್ಟು ಉಳಿದೆಲ್ಲ ಆಹಾರ ಕೊಟ್ಟು, ಹಾಲಿನ ಪುಡಿಯಿಂದ ತೆಗೆದ ದ್ರವ ಸೇರಿಸಿ ಬೆಚ್ಚಗಿಡುತ್ತಾರೆ. ಜೀವಾಣು ಬೆಳೆದಷ್ಟೂ ನಳಿಕೆಯ ದ್ರವ ಕದಡುತ್ತದೆ. ಕದಡಿದ ಪ್ರಮಾಣ ನೋಡಿ ಬಿ12 ಎಷ್ಟಿದೆ ಅಂತ ಹೇಳುತ್ತಾರೆ.

ಲ್ಯಾಬಿನ ಅಂಕಿಯನ್ನು ನಂಬುವುದು ಹೇಗೆ?

ಒಳ್ಳೆಯ ಪ್ರಶ್ನೆಯೇ. ಸಂತೆಯ ತಕ್ಕಡಿಗೂ ಬಟ್ಟಿಗೂ ಸರಕಾರದ ಮುದ್ರೆ ಇದೆಯಾ ಅಂತ ನೋಡುತ್ತೇವಲ್ಲ, ಲ್ಯಾಬಿಗೂ ಹಾಗೆಯೇ ತಪಾಸಣೆ ಇದೆ. ನಮ್ಮ ದೇಶದಲ್ಲಿ ಲ್ಯಾಬುಗಳಿಗೆ ಎನ್.ಎ.ಬಿ.ಎಲ್. ಎಂಬ ಮಂಡಳಿ ಮಾನ್ಯತೆ ಕೊಡುತ್ತದೆ. ಲ್ಯಾಬಿನವರು ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಿಕೊಳ್ಳುವ ಕೆಲವು ಕ್ರಮಗಳೂ ಇವೆ.

ಒಂದೇ ಮಾದರಿಯನ್ನು ಎರಡು ಸಲ ಅಳೆಯುತ್ತಾರೆ, ಎರಡೂ ಹತ್ತಿರ ಹತ್ತಿರ ಬರಬೇಕು. ಪುಡಿಯನ್ನೇ ಹಾಕದೆ ಉಳಿದೆಲ್ಲ ಕ್ರಮ ಮಾಡಿ ನೋಡುತ್ತಾರೆ, ಆಗ ಸೊನ್ನೆ ಬರಬೇಕು. ಮೂರನೆಯದಾಗಿ, ಗೊತ್ತಿರುವಷ್ಟು ವಿಟಮಿನ್ನನ್ನು ತಾವೇ ಸೇರಿಸಿ ಅದು ಲೆಕ್ಕದಲ್ಲಿ ಸಿಗುತ್ತದೋ ನೋಡುತ್ತಾರೆ. ಸಂಘದ ಅಧ್ಯಕ್ಷೆ ಪೆಟ್ಟಿಗೆಗೆ 100 ರೂಪಾಯಿ ಹಾಕಿ, ಎಣಿಸುವವರ ಲೆಕ್ಕದಲ್ಲಿ ಆ 100 ರೂಪಾಯಿ ಬಂತಾ ಅಂತ ನೋಡಿದ ಹಾಗೆ. ಅಮೆರಿಕದ ನಿಸ್ಟ್ ಎಂಬ ಸರಕಾರಿ ಅಳತೆ ಸಂಸ್ಥೆ ಇದಕ್ಕೆಂದೇ 1849 ಎಂಬ ಸಂಖ್ಯೆಯ ಸರಣಿಯಲ್ಲಿ ಹಾಲಿನ ಪುಡಿಯ ಮಾದರಿ ತಯಾರಿಸಿದೆ. ಅದರಲ್ಲಿ ಯಾವ ವಿಟಮಿನ್ ಎಷ್ಟಿದೆ ಎಂದು ಮೊದಲೇ ಖಚಿತ ಮಾಡಿರುತ್ತಾರೆ. ಬೇರೆ ದೇಶದ ಲ್ಯಾಬುಗಳೂ ಅದನ್ನು ತರಿಸಿ ತಮ್ಮ ಅಳತೆ ಸರಿಯಿದೆಯೇ ಎಂದು ನೋಡಿಕೊಳ್ಳಬಹುದು.

ಆದರೂ ಎರಡು ಲ್ಯಾಬುಗಳ ಅಂಕಿ ಸ್ವಲ್ಪ ಹೆಚ್ಚುಕಡಿಮೆ ಬರಬಹುದು. ಅದಕ್ಕೆ ಗಾಬರಿ ಬೇಡ. ಹತ್ತರಲ್ಲಿ ಒಂದು ಪಾಲು ಮಾತ್ರ ಸಿಕ್ಕರೆ ಅದು ಹೆಚ್ಚುಕಡಿಮೆಯಲ್ಲ, ಅದು ದೋಷ.

ಇನ್ನೊಂದು ವಿಷಯ. ಕಾರ್ಖಾನೆಯಲ್ಲಿ ತುಂಬಿದ ದಿನ ಇದ್ದಷ್ಟು ವಿಟಮಿನ್ ಕೊನೆಯವರೆಗೂ ಇರುವುದಿಲ್ಲ. ಗಾಳಿ, ಬೆಳಕು, ಬಿಸಿ, ತೇವಕ್ಕೆ ಕರಗುತ್ತಾ ಹೋಗುತ್ತದೆ. ವಿಟಮಿನ್ ಸಿ ಬೇಗ ಹೋಗುವಂಥದ್ದು. ಹಾಗಾಗಿ ತಯಾರಕರು ಮೊದಲೇ ಸ್ವಲ್ಪ ಜಾಸ್ತಿ ಹಾಕಿರುತ್ತಾರೆ. ಹೊಸ ಡಬ್ಬಿಯಲ್ಲಿ ಮಾತ್ರ ಸರಿಯಾಗಿದ್ದರೆ ಸಾಲದು, ಅವಧಿ ಮುಗಿಯುವ ದಿನದವರೆಗೂ ಡಬ್ಬಿಯ ಮೇಲಿನ ಮಾತು ನಿಜವಾಗಿರಬೇಕು.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ?

1992ರಲ್ಲಿ ಬಂದು 2003ರಲ್ಲಿ ತಿದ್ದುಪಡಿಯಾದ ಶಿಶು ಹಾಲಿನ ಬದಲಿಗಳ ಕಾಯ್ದೆ ನಮ್ಮಲ್ಲಿದೆ. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ ಮತ್ತು ಆಹಾರಕ್ಕೆ ಜಾಹೀರಾತು ಕೊಡುವ ಹಾಗಿಲ್ಲ. ತಾಯಂದಿರಿಗೆ ಉಚಿತ ಸ್ಯಾಂಪಲ್, ಉಡುಗೊರೆ ಕೊಡುವ ಹಾಗಿಲ್ಲ. ಹಾಲಿನ ಪುಡಿಯ ಡಬ್ಬಿಯ ಮೇಲೆ ಮಗುವಿನ ಅಥವಾ ತಾಯಿಯ ಚಿತ್ರ ಹಾಕುವಂತಿಲ್ಲ. ತಾಯಿಯ ಹಾಲೇ ಮಗುವಿಗೆ ಉತ್ತಮ ಎಂದು ದೊಡ್ಡದಾಗಿ ಬರೆಯಲೇಬೇಕು. ಯಾರಾದರೂ ನಿಮ್ಮ ಮನೆಗೋ ಹೆರಿಗೆ ವಾರ್ಡಿಗೋ ಪುಕ್ಕಟೆ ಡಬ್ಬಿ ತಂದುಕೊಟ್ಟರೆ ಅದು ಕಾನೂನಿಗೆ ವಿರುದ್ಧ ಅಂತ ತಿಳಿಯಿರಿ.

ಡಬ್ಬಿಯೊಳಗೆ ಏನು ಎಷ್ಟಿರಬೇಕು ಎಂಬುದನ್ನು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಕೆಳಗೆ ಎಫ್.ಎಸ್.ಎಸ್.ಎ.ಐ. ಪ್ರಾಧಿಕಾರ ನಿಗದಿ ಮಾಡುತ್ತದೆ. ಮಕ್ಕಳ ಆಹಾರಕ್ಕೆಂದೇ 2020ರ ಪ್ರತ್ಯೇಕ ನಿಯಮಗಳಿವೆ. ಆಹಾರ ಸುರಕ್ಷತಾ ಅಧಿಕಾರಿಗಳು ಅಂಗಡಿಯಿಂದ ಮಾದರಿ ತೆಗೆದು ನಾಲ್ಕು ಭಾಗ ಮಾಡಿ ಮೊಹರು ಹಾಕುತ್ತಾರೆ, ಅದರಲ್ಲಿ ಒಂದನ್ನು ಆಹಾರ ವಿಶ್ಲೇಷಕರಿಗೆ ಕಳಿಸುತ್ತಾರೆ. ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕು. ವರದಿಯ ಬಗ್ಗೆ ತಕರಾರು ಬಂದಾಗ ನೋಡಲು ಮೇಲಿನ ಹಂತದ ಲ್ಯಾಬುಗಳಿವೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಅಂಥ ಸಂಸ್ಥೆಗಳಲ್ಲಿ ಒಂದು. ನಮ್ಮ ರಾಜ್ಯದ ಈ ಸಂಸ್ಥೆಗೂ ಮಕ್ಕಳ ಹಾಲಿನ ಪುಡಿಗೂ ಹಳೆಯ ನಂಟಿದೆ. 1950ರಲ್ಲಿ ಆರಂಭವಾದ ಇದರ ವಿಜ್ಞಾನಿಗಳೇ ಆ ದಶಕದಲ್ಲಿ ಎಮ್ಮೆ ಹಾಲಿನಿಂದ ಮಕ್ಕಳಿಗೆ ಒಗ್ಗುವ ಪುಡಿ ಮಾಡುವ ವಿಧಾನ ಕಂಡುಹಿಡಿದದ್ದು. ಗುಜರಾತಿನ ಆನಂದ್‌ನ ಹಾಲು ಸಹಕಾರಿಗಳು ಅದನ್ನು ತಯಾರಿಸಿದವು.

ನಮಗೆ ಬಹಳ ಮುಖ್ಯವಾದದ್ದು 2006ರ ಕಾಯ್ದೆಯ 40ನೇ ಕಲಂ. ಅಧಿಕಾರಿಯೇ ಬರಬೇಕೆಂದಿಲ್ಲ. ಕೊಂಡುಕೊಳ್ಳುವ ಯಾರೇ ಆಗಲಿ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ "ಇದನ್ನು ಪರೀಕ್ಷೆಗೆ ಕಳಿಸುತ್ತೇನೆ" ಅಂತ ತಿಳಿಸಬೇಕು. ಕಾಯ್ದೆ ಮೀರಿದ್ದು ವರದಿಯಲ್ಲಿ ಕಂಡರೆ ಕಟ್ಟಿದ ಶುಲ್ಕ ವಾಪಸು ಸಿಗುತ್ತದೆ. ಪರೀಕ್ಷೆಗೆ ಕೊಡುವಾಗ ಯಾವ ವಿಟಮಿನ್ ಎಂದು ಹೆಸರು ಹೇಳಿಯೇ ಕೇಳಬೇಕು. ಕೇಳದ್ದನ್ನು ಲ್ಯಾಬು ಹೇಳುವುದಿಲ್ಲ. ಒಬ್ಬರಿಗೆ ಈ ಖರ್ಚು ಭಾರವಾಗಬಹುದು, ಒಕ್ಕೂಟ ಸೇರಿ ಮಾಡಿದರೆ ಹಗುರ.

ಲ್ಯಾಬು ಸರಿಯಿದ್ದು ಮನೆಯಲ್ಲಿ ತಪ್ಪಿದರೆ?

ಲ್ಯಾಬಿನ ಲೆಕ್ಕವೆಲ್ಲ ಪುಡಿಯನ್ನು ಸರಿಯಾಗಿ ಕಲಸಿದರೆ ಮಾತ್ರ ನಿಜ. ಉದಾಹರಣೆಗೆ 30 ಮಿ.ಲೀ. ನೀರಿಗೆ ಒಂದು ಚಮಚ ಪುಡಿ ಎಂದು ಡಬ್ಬಿಯಲ್ಲಿದ್ದರೆ 120 ಮಿ.ಲೀ. ನೀರಿಗೆ ನಾಲ್ಕು ಚಮಚ ಬೇಕು. ಡಬ್ಬಿ ಬೇಗ ಮುಗಿಯುತ್ತದೆ ಅಂತ ಎರಡೇ ಚಮಚ ಹಾಕಿದರೆ ಎಲ್ಲ ವಿಟಮಿನ್ನೂ ಅರ್ಧ, ಶಕ್ತಿಯೂ ಅರ್ಧ. ಇಸ್ರೇಲಿನಲ್ಲಿ ಕಾರ್ಖಾನೆ ಮಾಡಿದ ತಪ್ಪನ್ನು ನಾವು ಒಲೆ ಮುಂದೆ ನಿಂತು ಮಾಡಿದಂತೆ. ಬಡತನದಲ್ಲಿ ಹೀಗೆ ನೀರು ಜಾಸ್ತಿ ಮಾಡುವ ತಾಯಂದಿರನ್ನು ಬೈದು ಪ್ರಯೋಜನವಿಲ್ಲ. ಅಂಥ ಮನೆ ನಿಮ್ಮ ಕಣ್ಣಿಗೆ ಬಿದ್ದರೆ ಸಂಘದಿಂದ ಕೈ ಹಿಡಿಯಿರಿ, ಆಶಾ ಕಾರ್ಯಕರ್ತೆಗೆ ತಿಳಿಸಿ.

ಇವಿಷ್ಟು ನೆನಪಿರಲಿ:

• ಡಾಕ್ಟರು ಹೇಳಿದರೆ ಮಾತ್ರ ಡಬ್ಬಿ ಹಾಲು. ಪಕ್ಕದ ಮನೆಯವರು ಹೇಳಿದ್ದಕ್ಕೆ ಬೇಡ.
• ಆ ಡಬ್ಬಿಯಲ್ಲೇ ಬಂದ ಚಮಚದಿಂದ, ಮಟ್ಟ ಮಾಡಿ ಅಳೆಯಿರಿ. ಬೇರೆ ಕಂಪನಿಯ ಚಮಚ ಬೇಡ.
• ಟೀ ಮಾಡುವ ಹಾಲಿನ ಪುಡಿ ಮಗುವಿನ ಪುಡಿಯಲ್ಲ. ಬಿಡಿಯಾಗಿ ಕಟ್ಟಿಕೊಡುವ ಪುಡಿ ಕೊಳ್ಳಲೇಬೇಡಿ.
• ನೀರು ಕುದಿಸಿಯೇ ಬಳಸಿ. ಬಾಟಲಿಗಿಂತ ಲೋಟ, ಚಮಚ, ನಮ್ಮ ಹಿರಿಯರ ಒಳಲೆ ತೊಳೆಯಲು ಸುಲಭ.
• ಡಬ್ಬಿಯನ್ನು ಒಲೆಯ ಹತ್ತಿರ, ಬಿಸಿಲಿನಲ್ಲಿ ಇಡಬೇಡಿ. ಮುಚ್ಚಳ ಬಿಗಿಯಾಗಿರಲಿ. ತೆರೆದ ಮೇಲೆ ಎಷ್ಟು ದಿನ ಎಂದು ಬರೆದಿದೆಯೋ ಅಷ್ಟೇ ದಿನ ಬಳಸಿ.
• ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ನೋಡಿ ಕೊಳ್ಳಿ. ಬಿಲ್ ಇಟ್ಟುಕೊಳ್ಳಿ.
• ಮಗುವಿಗೆ ಹುಷಾರು ತಪ್ಪಿದರೆ ಡಬ್ಬಿ ಎಸೆಯಬೇಡಿ. ಮಗುವಿನ ಜೊತೆ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

ಎದೆಹಾಲಿನಲ್ಲೂ ಬಿ1 ಇರಬೇಕು

ಇದನ್ನು ಹೇಳದೆ ಲೇಖನ ಮುಗಿಸುವಂತಿಲ್ಲ. ಎದೆಹಾಲಿನಲ್ಲಿ ಬಿ1 ಎಷ್ಟಿದೆ ಎಂಬುದು ತಾಯಿ ಏನು ಉಣ್ಣುತ್ತಾಳೆ ಎಂಬುದರ ಮೇಲೆ ನಿಂತಿದೆ. ಎದೆಹಾಲು ಮಾತ್ರ ಕುಡಿಯುತ್ತಿದ್ದ ಕೆಲವು ಎಳೆಯ ಮಕ್ಕಳು ಉಸಿರು ಕಟ್ಟಿ, ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರಿ ಬಂದದ್ದನ್ನೂ, ಥಯಾಮಿನ್ ಕೊಟ್ಟಾಗ ಚೇತರಿಸಿಕೊಂಡದ್ದನ್ನೂ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆ ತಾಯಂದಿರು ಹೆಚ್ಚಾಗಿ ಪಾಲಿಶ್ ಅಕ್ಕಿಯ ಅನ್ನವನ್ನೇ ಉಂಡು ಬಾಣಂತಿ ಪಥ್ಯ ಮಾಡುತ್ತಿದ್ದವರು.

ಇದರರ್ಥ ಎದೆಹಾಲು ಬಿಡಿಸಿ ಅಂತಲ್ಲ. ಬಾಣಂತಿಗೆ ಸರಿಯಾಗಿ ಉಣ್ಣಲು ಕೊಡಿ ಅಂತ. ಬಿ1 ಇರುವುದು ಅಕ್ಕಿಯ ತೌಡಿನ ಪದರದಲ್ಲಿ. ಬೆಳ್ಳಗೆ ಪಾಲಿಶ್ ಮಾಡಿದಾಗ ಅದು ಹೋಗುತ್ತದೆ. ಮತ್ತೆ ಮತ್ತೆ ತೊಳೆದು, ಗಂಜಿ ಬಸಿದು ಚೆಲ್ಲಿದರೆ ಉಳಿದದ್ದೂ ಹೋಗುತ್ತದೆ. ಕುಚ್ಚಲಕ್ಕಿಯಲ್ಲಿ ಬಿ1 ಹೆಚ್ಚು ಉಳಿದಿರುತ್ತದೆ. ರಾಗಿ, ಜೋಳ, ಬೇಳೆ, ಹೆಸರುಕಾಳು, ಶೇಂಗಾ ಎಲ್ಲದರಲ್ಲೂ ಇದೆ. ಬಾಣಂತಿಗೆ ಅನ್ನ, ಮೆಣಸಿನ ಸಾರು, ತುಪ್ಪ ಇಷ್ಟೇ ಎಂದು ಹಟ ಹಿಡಿಯುವ ಅಜ್ಜಿ, ಅತ್ತೆಯವರ ಹತ್ತಿರ ಪ್ರೀತಿಯಿಂದಲೇ ಮಾತಾಡಿ. ಅವರಿಗೂ ಮೊಮ್ಮಗುವಿನ ಮೇಲೆ ಆಸೆಯಿದೆ. ಮಗು ಹಾಲು ಕುಡಿಯದೆ ಮಂಕಾಗಿ, ಉಸಿರು ಜೋರಾಗಿ, ಅಳು ಕೀರಲಾಗಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಬಾಣಂತಿ ಏನು ಊಟ ಮಾಡುತ್ತಿದ್ದಾಳೆ ಅನ್ನೋದನ್ನೂ ಡಾಕ್ಟರಿಗೆ ತಿಳಿಸಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಿನಲ್ಲಿ ಡಬ್ಬಿ ಹಾಲು ಕುಡಿಯುವ ಕೂಸುಗಳು ಎಷ್ಟಿವೆ? ಡಾಕ್ಟರು ಹೇಳಿದ್ದಕ್ಕೋ, ಬೇರೆ ಯಾರೋ ಹೇಳಿದ್ದಕ್ಕೋ?
2. ಆ ಮನೆಗಳಲ್ಲಿ ಪುಡಿಯನ್ನು ಡಬ್ಬಿಯಲ್ಲಿ ಹೇಳಿದಷ್ಟೇ ಹಾಕುತ್ತಿದ್ದಾರಾ? ಹಣದ ತೊಂದರೆ ಇದ್ದರೆ ಸಂಘ ಏನು ಮಾಡಬಹುದು?
3. ನಮ್ಮಲ್ಲಿ ಬಾಣಂತಿಗೆ ಎಷ್ಟು ದಿನ ಪಥ್ಯ? ಯಾವುದನ್ನು ಬಿಡಿಸುತ್ತೇವೆ, ಯಾಕೆ?
4. ನಮ್ಮ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿ ಯಾರು, ಕಚೇರಿ ಎಲ್ಲಿ? ಮುಂದಿನ ಒಕ್ಕೂಟದ ಸಭೆಗೆ ಅವರನ್ನು ಕರೆಯೋಣವೇ?

ತೂಕದಲ್ಲಿ ಅಳತೆಯಲ್ಲಿ ಮೋಸವಾಗಬಾರದು ಎಂದು ಎಲ್ಲ ಧರ್ಮಗಳೂ ಹೇಳುತ್ತವೆ. ಅಕ್ಕಿ ಬೇಳೆ ತೂಗುವಾಗ ಮುಳ್ಳಿನ ಮೇಲೆ ಕಣ್ಣಿಡುವ ನಾವು, ಬಾಯಿ ಬಾರದ ಕೂಸಿನ ಪಾಲಿನ ಉಪ್ಪಿನ ಹರಳಿನಷ್ಟು ವಿಟಮಿನ್ನಿನ ಮೇಲೂ ಕಣ್ಣಿಡೋಣ. ಮೇಲಿನ ನಾಲ್ಕು ಪ್ರಶ್ನೆಗಳಿಗೆ ನಿಮ್ಮ ಸಂಘದ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಮುಂದಿನ ಒಕ್ಕೂಟದ ಸಭೆಗೆ ತನ್ನಿ.